ಹಿಮದಲ್ಲಿ ಸಿಕ್ಕಿಬಿದ್ದ ಕಾರು

ವಿದ್ಯಾರ್ಥಿಗಳೇ, ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ರಜೆಯಲ್ಲಿ ಮನಾಲಿ, ಕಾಶ್ಮೀರಗಳಿಗೆ ಪ್ರವಾಸ ಹೋಗುವವರೂ ಉದ್ಯೋಗಕ್ಕಾಗಿ ಶೀತದೇಶಗಳಿಗೆ ತೆರಳುವವರೂ ಈಗ ನಮ್ಮಲ್ಲಿ ಹಲವರಿದ್ದಾರೆ. ಆದುದರಿಂದ ಹಿಮದಲ್ಲಿ ವಾಹನ ಸಿಕ್ಕಿಕೊಂಡಾಗ ಪ್ರಾಣ ಉಳಿಸಿಕೊಳ್ಳುವ ಬಗೆಯನ್ನು ನಾವು ತಿಳಿದಿರುವುದು ಒಳ್ಳೆಯದು.

2022ರ ಜನವರಿ 7ರ ರಾತ್ರಿ ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದ ಬಳಿ, ಹಿಮಪಾತ ನೋಡಲು ಬಂದವರ ಸಾವಿರಾರು ವಾಹನಗಳು ದಾರಿಯಲ್ಲೇ ಸಿಕ್ಕಿಬಿದ್ದವು. ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಮಕ್ಕಳೂ ಇದ್ದರು. ಹಲವರು ಸತ್ತದ್ದು ಕಾರಿನೊಳಗೆ, ಕುಳಿತಲ್ಲಿಯೇ. ಚಳಿಯ ಜೊತೆಗೆ ಎಂಜಿನಿನ ವಿಷಾನಿಲವೂ ಇದಕ್ಕೆ ಕಾರಣವೆಂದು ಅಧಿಕಾರಿಗಳು ತಿಳಿಸಿದರು.

ಇದು ಹೇಗೆ? ಪೆಟ್ರೋಲ್ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಉಂಟಾಗಿ, ಕಾರಿನ ಹಿಂದಿರುವ ಹೊಗೆಕೊಳವೆಯಿಂದ ಹೊರಹೋಗುತ್ತದೆ. ಹಿಮವು ಆ ಕೊಳವೆಯ ಬಾಯನ್ನು ಮುಚ್ಚಿದರೆ ಅನಿಲವು ಕಾರಿನ ಅಡಿಯಲ್ಲಿ ತುಂಬಿಕೊಂಡು ಸಂದುಗಳಿಂದ ಒಳನುಗ್ಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ಬಳಿಕ ತೂಕಡಿಕೆ. ನಿದ್ದೆ ಬಂತೆಂದು ಒರಗಿದವನು ಮತ್ತೆ ಏಳುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು?

1. ಸಹಾಯದ ಜಾಗ ಹತ್ತಿರದಲ್ಲಿ ಕಣ್ಣಿಗೆ ಕಾಣದಿದ್ದರೆ ಕಾರನ್ನು ಬಿಟ್ಟು ಹೋಗಬಾರದು. ಹಿಮ ಸುರಿಯುವಾಗ ದಾರಿ ತಪ್ಪುವುದು ಸುಲಭ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಕೆಂಪು ಬಟ್ಟೆಯೊಂದನ್ನು ಹೊರಗೆ ಎತ್ತರದಲ್ಲಿ ಕಟ್ಟಬೇಕು.

2. ಎಂಜಿನನ್ನು ಚಾಲೂ ಮಾಡುವ ಮುನ್ನ ಪ್ರತಿಸಲವೂ ಇಳಿದು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಬೇಕು. ಗಂಟೆಗೆ ಸುಮಾರು 10 ನಿಮಿಷ ಮಾತ್ರ ಎಂಜಿನ್ ನಡೆಸಿ ಬಿಸಿಗಾಳಿ ಪಡೆಯಬೇಕು; ಆಗ ಗಾಳಿ ಬೀಸದ ಕಡೆಯ ಕಿಟಕಿಯನ್ನು ಸ್ವಲ್ಪ ತೆರೆದಿರಬೇಕು.

3. ಎಲ್ಲರೂ ಒಮ್ಮೆಗೇ ಮಲಗಬಾರದು, ಒಬ್ಬರು ಎಚ್ಚರವಿರಬೇಕು. ಒತ್ತಾಗಿ ಕುಳಿತು ಕೈಕಾಲುಗಳನ್ನು ಆಡಿಸುತ್ತಿರಬೇಕು.

4. ಬಾಯಾರಿದರೆ ಹಿಮವನ್ನು ಹಾಗೆಯೇ ತಿನ್ನಬಾರದು. ಅದು ಮೈಯ ಬಿಸಿಯನ್ನು ಹೀರುತ್ತದೆ. ಕರಗಿಸಿ ಕುಡಿಯಬೇಕು.

5. ತಲೆನೋವು, ವಾಕರಿಕೆ ಕಂಡೊಡನೆ ಎಂಜಿನನ್ನು ನಿಲ್ಲಿಸಿ ಬಾಗಿಲು ತೆರೆದು ಶುದ್ಧಗಾಳಿಗೆ ಬರಬೇಕು.

ಹೊರಡುವ ಮೊದಲೇ ಕಂಬಳಿ, ನೀರು, ತಿಂಡಿ, ಟಾರ್ಚು, ಸಣ್ಣ ಸಲಿಕೆ ಇವನ್ನು ಕಾರಿನಲ್ಲಿ ಇಟ್ಟುಕೊಂಡವರೇ ಜಾಣರು.

ಈ ಪಾಠವು ಹಿಮದ ನಾಡಿಗಷ್ಟೇ ಸಲ್ಲುವುದಲ್ಲ. ಚಳಿಗಾಲದಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ, ಕೋಣೆಯೊಳಗೆ ಇದ್ದಲಿನ ಕೆಂಡವಿಟ್ಟು ಮಲಗುವವರು ನಮ್ಮಲ್ಲಿಯೂ ಇದ್ದಾರೆ. ಬಾಣಂತಿಗೂ ಕೂಸಿಗೂ ಕೆಂಡದ ಕಾವು ಕೊಡುವ ರೂಢಿಯಿದೆ. ಆ ಕೆಂಡದಿಂದ ಹೊರಡುವುದೂ ಇದೇ ಅನಿಲ. ಹೊಗೆ ಕಾಣದಿದ್ದರೂ ವಿಷವಿರುತ್ತದೆ. ಮಲಗುವ ಮುನ್ನ ಕೆಂಡವನ್ನು ಹೊರಗಿಡಬೇಕು, ಕಿಟಕಿಯನ್ನು ತೆರೆದಿಡಬೇಕು. ಈ ಮಾತನ್ನು ನೀವು ಇಂದೇ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ತಿಳಿಸಿರಿ.