ತಟ್ಟೆಯ ಲೆಕ್ಕ ಸರಿ, ಒಗ್ಗರಣೆಯ ಲೆಕ್ಕ?

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಕಚೇರಿ ಕೆಲಸ, ಕುರ್ಚಿ ಬಿಟ್ಟು ಏಳುವುದೇ ಕಡಿಮೆ. ಎತ್ತರ 155 ಸೆಂ.ಮೀ. ಯುಗಾದಿ ಹೊತ್ತಿಗೆ 73 ಕೆ.ಜಿ. ಇದ್ದೆ. ಮೊಬೈಲ್‌ಗೆ ಆ್ಯಪ್ ಹಾಕಿಕೊಂಡು, ಅದು ಹೇಳಿದಂತೆ ದಿನಕ್ಕೆ 1,500 ಕ್ಯಾಲೊರಿ ಮೀರದ ಹಾಗೆ ತಿನ್ನುತ್ತಿದ್ದೇನೆ. ಬೆಳಗ್ಗೆ ಅರ್ಧ ಗಂಟೆ ವಾಕಿಂಗ್ ಕೂಡ ಇದೆ. ಮೊದಲ ತಿಂಗಳೇ ಮೂರೂವರೆ ಕೆ.ಜಿ. ಇಳಿಯಿತು. ಆಮೇಲೆ ಮೂರು ತಿಂಗಳಿಂದ ಮುಳ್ಳು 69.5ರಲ್ಲೇ ನಿಂತಿದೆ. ಮಧ್ಯಾಹ್ನ ಒಂದು ರೊಟ್ಟಿ, ಪಲ್ಯ, ಸ್ವಲ್ಪ ಅನ್ನ. ಸಂಜೆ ಹಸಿವಾದರೆ ಒಂದು ಬಟ್ಟಲು ಮಂಡಕ್ಕಿ, ಅಷ್ಟೇ. ಎಣ್ಣೆಯೂ ಜಾಸ್ತಿ ಹಾಕುವುದಿಲ್ಲ, ಐದು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನ್ ಸಾಕು. ‘ಕದ್ದು ತಿನ್ನುತ್ತೀಯೇನೋ’ ಎಂದು ನಮ್ಮ ಮನೆಯವರು ನೆಂಟರ ಮುಂದೆ ಅಂದುಬಿಟ್ಟರು. ಅವತ್ತಿನಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. 1,000ಕ್ಕೆ ಇಳಿಸಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ ತಾಯಿ, 1,000ಕ್ಕೆ ಇಳಿಸಬೇಡಿ. ಈಗಿನ ತೊಡಕು ನೀವು ತಿನ್ನುವುದು ಹೆಚ್ಚಾಯಿತೆಂಬುದಕ್ಕಿಂತ ಲೆಕ್ಕದಲ್ಲಿದೆ. ತಪ್ಪಿದ ಲೆಕ್ಕದ ಮೇಲೆ ಇನ್ನಷ್ಟು ಹಸಿವು ಹೇರಿದರೆ ನಿಮ್ಮ ಸ್ನಾಯು ಕರಗುತ್ತದೆ, ತಲೆ ಸುತ್ತುತ್ತದೆ. ನಾಲ್ಕು ದಿನ ತಡೆದ ಹಸಿವು ಐದನೆಯ ದಿನ ಒಟ್ಟಿಗೇ ತೀರಿಸಿಕೊಳ್ಳುತ್ತದೆ.

ಮೊದಲು ಆ ‘ಕದ್ದು ತಿನ್ನುವ’ ಮಾತು. ಅದು ನಿಮಗೆ ಎಷ್ಟು ನಾಟಿದೆ ಎಂದು ಪತ್ರದಲ್ಲೇ ಕಾಣುತ್ತದೆ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ನಿಮ್ಮಂಥವರನ್ನೇ ಪರೀಕ್ಷಿಸಿದ್ದರು: ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ನೊಂದಿದ್ದವರು. ಅವರು ಬರೆದಿಟ್ಟದ್ದು ದಿನಕ್ಕೆ ಸರಾಸರಿ 1,028 ಕ್ಯಾಲೊರಿ. ಮೈಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಅಳೆದು ಲೆಕ್ಕ ಹಾಕಿದಾಗ ನಿಜವಾಗಿ ತಿಂದದ್ದು 2,081. ಅವರ ಮೈಯ ಖರ್ಚು ಸಹಜವಾಗಿಯೇ ಇತ್ತು, ಬರೆಯುವುದರಲ್ಲಿ ಅರ್ಧದಷ್ಟು ತಪ್ಪಿತ್ತು. ಮುಂದೆ ಆಹಾರ ತಜ್ಞೆಯರನ್ನೇ ಹೀಗೆ ಪರೀಕ್ಷಿಸಿದಾಗ ಅವರೂ ತಿಂದದ್ದಕ್ಕಿಂತ ಕಡಿಮೆಯೇ ಬರೆದಿದ್ದರು. ಇದೇ ಓದು, ಇದೇ ಕೆಲಸ ಇರುವವರಿಗೇ ಹೀಗಾದರೆ ಅದನ್ನು ಕಳ್ಳತನ ಎನ್ನಲಾದೀತೆ? ನಿಮ್ಮವರಿಗೆ ಈ ಪ್ಯಾರಾ ಓದಿ ಹೇಳಿ.

ತಪ್ಪು ಎಲ್ಲಿ ನುಸುಳುತ್ತದೆ ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ. ಐದು ಲೀಟರ್ ಕ್ಯಾನ್. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಐದು ಲೀಟರನ್ನು ಐದು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿ. ತಲೆಗೆ ದಿನಕ್ಕೆ 30 ಗ್ರಾಂ ಬರುತ್ತದೆ. ಗ್ರಾಂಗೆ 9 ಕ್ಯಾಲೊರಿಯಂತೆ 270. ಈಗ ಆ್ಯಪ್ ತೆಗೆದು ನಿನ್ನೆಯ ಪುಟ ನೋಡಿ, ಎಣ್ಣೆಯ ಹೆಸರಿನಲ್ಲಿ ಎಷ್ಟಿದೆ? ಬಹಳ ಮಂದಿ ‘ಒಂದು ಚಮಚ’ ಎಂದು ಬರೆದಿರುತ್ತಾರೆ, ಅಂದರೆ 45. ಉಳಿದದ್ದು ಪಲ್ಯದ ಒಗ್ಗರಣೆಯಲ್ಲಿ, ದೋಸೆಯ ಅಂಚಿಗೆ ಬಿಟ್ಟ ಎಣ್ಣೆಯಲ್ಲಿ, ರೊಟ್ಟಿಯ ಜೊತೆ ಚಟ್ನಿಪುಡಿಗೆ ಸುರಿದುಕೊಂಡದ್ದರಲ್ಲಿ ಹೋಗಿರುತ್ತದೆ. ಮನೆಯಲ್ಲಿ ಒಬ್ಬರು ಕಡಿಮೆ, ಒಬ್ಬರು ಹೆಚ್ಚು ಉಣ್ಣುತ್ತಾರೆ ಎಂಬುದು ನಿಜ. ಆದರೂ ಕ್ಯಾನ್ ಖಾಲಿಯಾದ ಮೇಲೆ ಎಣ್ಣೆ ಯಾರದೋ ಹೊಟ್ಟೆ ಸೇರಿಯೇ ಇರುತ್ತದೆ.

ಮಂಡಕ್ಕಿಯದೂ ಇದೇ ಕಥೆ. ಒಣ ಮಂಡಕ್ಕಿ ಹಗುರ, 20 ಗ್ರಾಂ ಹಾಕಿದರೆ ಬಟ್ಟಲು ತುಂಬುತ್ತದೆ, 70ರ ಮೇಲೆ ಒಂದಿಷ್ಟು ಕ್ಯಾಲೊರಿ. ಆದರೆ ದಾವಣಗೆರೆಯಲ್ಲಿ ಯಾರು ಅದನ್ನು ಬರಿದೇ ತಿನ್ನುತ್ತಾರೆ ಹೇಳಿ. ಎರಡು ಚಮಚ ಎಣ್ಣೆ ಕಲೆಸಿದರೆ 90, ಒಂದು ಹಿಡಿ ಶೇಂಗಾ ಉದುರಿಸಿದರೆ ಇನ್ನು 150ರ ಆಸುಪಾಸು. ಪಕ್ಕದಲ್ಲೊಂದು ಮೆಣಸಿನಕಾಯಿ ಬಜ್ಜಿ ಬಂದರೆ ಅದರದು ಬೇರೆ. ಬಿಡಿ ಎಂದು ಹೇಳುತ್ತಿಲ್ಲ. ಆ್ಯಪಿನಲ್ಲಿ ‘ಮಂಡಕ್ಕಿ’ ಎಂದು ಒತ್ತಿದರೆ ಅದು ಒಣ ಮಂಡಕ್ಕಿಯನ್ನೇ ಲೆಕ್ಕ ಹಿಡಿಯುತ್ತದೆ ಎಂದು ತಿಳಿದಿರಲಿ. ಅನ್ನದಲ್ಲೂ ಎಚ್ಚರ ಬೇಕು: 100 ಗ್ರಾಂ ಅಕ್ಕಿಯಲ್ಲಿ 350 ಕ್ಯಾಲೊರಿ, 100 ಗ್ರಾಂ ಅನ್ನದಲ್ಲಿ ಸುಮಾರು 130. ಒಂದರ ಬದಲು ಇನ್ನೊಂದನ್ನು ಒತ್ತಿದರೆ ದಿನದ ಲೆಕ್ಕವೇ ಅಡಿಮೇಲಾಗುತ್ತದೆ.

ಇನ್ನು ಆ್ಯಪ್ ನಿಮಗೆ 1,500 ಎಂದು ಹೇಳಿದ್ದಾದರೂ ಹೇಗೆ? ಬಹುಶಃ ‘ಮಧ್ಯಮ ಚಟುವಟಿಕೆ’ ಎಂದು ಒತ್ತಿರಬೇಕು. 1990ರಿಂದ ಬಳಕೆಯಲ್ಲಿರುವ ಒಂದು ಸೂತ್ರದ ಪ್ರಕಾರ ನಿಮ್ಮ ವಯಸ್ಸು, ಎತ್ತರ, ಈಗಿನ ತೂಕದ ಹೆಂಗಸು ಸುಮ್ಮನೆ ಮಲಗಿದ್ದರೂ ಮೈ ಸುಮಾರು 1,280 ಕ್ಯಾಲೊರಿ ಖರ್ಚು ಮಾಡುತ್ತದೆ. ಮಧ್ಯಮ ಚಟುವಟಿಕೆ ಎಂದರೆ ಆ್ಯಪ್ ಅದನ್ನು 1.55ರಿಂದ ಗುಣಿಸಿ 1,980ರ ಮೇಲೆ ತೋರಿಸುತ್ತದೆ, ತೂಕ ಇಳಿಯಲೆಂದು ಅದರಲ್ಲಿ ಒಂದಿಷ್ಟು ಕಳೆದು 1,500 ಎನ್ನುತ್ತದೆ. ಕುರ್ಚಿಯ ಕೆಲಸಕ್ಕೆ ಗುಣಿಸಬೇಕಾದದ್ದು 1.2ರಿಂದ, ಬರುವುದು 1,540ರ ಹತ್ತಿರ. ಅರ್ಧ ಗಂಟೆ ನಡಿಗೆ ಇದಕ್ಕೆ ನೂರರಷ್ಟು ಸೇರಿಸಬಹುದು, ಹೆಚ್ಚಿಲ್ಲ. ಅಲ್ಲಿಗೆ ನಿಮ್ಮ ಖರ್ಚು 1,640, ಬರೆದ ಊಟ 1,500, ಬರೆಯದ ಎಣ್ಣೆ 200ರ ಮೇಲೆ. ಮುಳ್ಳು ಅಲುಗದಿರುವುದಕ್ಕೆ ಇಷ್ಟು ಸಾಕು. ಮೊದಲ ತಿಂಗಳ ಮೂರೂವರೆ ಕೆ.ಜಿ.ಯೂ ಪೂರ್ತಿ ಕೊಬ್ಬಲ್ಲ. ಊಟ ಇಳಿಸಿದ ಕೂಡಲೇ ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಆ ವೇಗವನ್ನೇ ಅಳತೆಗೋಲು ಮಾಡಿಕೊಂಡು ಕೊರಗಬೇಡಿ.

ನಾನು ನಿಮಗೆ ಹೇಳುವುದು ತಟ್ಟೆಯ ಲೆಕ್ಕವನ್ನು ಸ್ವಲ್ಪ ದಿನ ಬದಿಗಿಟ್ಟು ಕ್ಯಾನಿನ ಲೆಕ್ಕ ಹಿಡಿಯಿರಿ ಎಂದು. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿ. ಬೆಳಗ್ಗೆ ಒಂದು ಸಣ್ಣ ಸ್ಟೀಲ್ ಗಿಂಡಿಗೆ 20 ಚಮಚ ಎಣ್ಣೆ ಅಳೆದು ಹಾಕಿ. ಐದು ಜನಕ್ಕೆ ತಲೆಗೆ ನಾಲ್ಕು ಚಮಚ, ಅಂದರೆ 20 ಗ್ರಾಂ. ಒಗ್ಗರಣೆ, ದೋಸೆ, ಪಲ್ಯ ಎಲ್ಲವೂ ಅದರಲ್ಲೇ ಮುಗಿಯಲಿ. ತಿಂಗಳ ಕೊನೆಗೆ ಕ್ಯಾನಿನಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ಮಿಕ್ಕಿರಬೇಕು. ನಿಮ್ಮೊಬ್ಬರಿಗೆ ಬೇರೆ ಅಡುಗೆ ಬೇಡ, ಇದು ಮನೆಮಂದಿಗೆಲ್ಲ ಒಳ್ಳೆಯದೇ. ಕಾಫಿ, ಚಹಾದ ಸಕ್ಕರೆಯನ್ನೂ ಹೀಗೆಯೇ ಅಳೆಯಿರಿ. ಮಧ್ಯಾಹ್ನದ ರೊಟ್ಟಿಗೆ ಮೊಳಕೆಕಾಳಿನ ಪಲ್ಯವೋ ಗಟ್ಟಿ ಬೇಳೆಯೋ ಹೆಚ್ಚಿರಲಿ. ಹಸಿವು ತಡೆಯುತ್ತದೆ, ಸ್ನಾಯು ಉಳಿಯುತ್ತದೆ.

ತೂಕವನ್ನು ಬೆಳಗ್ಗೆ ಎದ್ದು, ಹೊಟ್ಟೆ ಖಾಲಿ ಇರುವಾಗ ನೋಡಿ ವಾರದ ಸರಾಸರಿ ಬರೆಯಿರಿ. ಮುಟ್ಟಿನ ಮುಂಚೆ ನೀರು ತುಂಬಿ ಒಂದೆರಡು ಕೆ.ಜಿ. ಏರಿದರೆ ಗಾಬರಿ ಬೇಡ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಹಿಡಿಯಿರಿ. ನಮ್ಮ ಹೆಣ್ಣುಮಕ್ಕಳಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಭಯ ಹೆಚ್ಚು. ಮುಳ್ಳು ನಿಂತಿದ್ದರೂ ಈ ಅಳತೆ ಇಳಿಯುತ್ತಿದ್ದರೆ ನಿಮ್ಮ ದಾರಿ ಸರಿಯಾಗಿದೆ.

ಈ ವಯಸ್ಸಿನಲ್ಲಿ ಒಮ್ಮೆ ವೈದ್ಯರನ್ನು ಕಾಣುವುದು ಅಗತ್ಯ. ಥೈರಾಯ್ಡ್‌ಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದರೆ, ರಾತ್ರಿ ಜೋರು ಗೊರಕೆ ಬರುತ್ತಿದ್ದರೆ, ಸ್ಟಿರಾಯ್ಡ್ ಅಥವಾ ಮನಸ್ಸಿನ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಳಲು ಮರೆಯಬೇಡಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ತುತ್ತು ಇಳಿಯುತ್ತಿಲ್ಲ ಎಂದು ಬರೆದಿದ್ದೀರಲ್ಲ, ನನಗೆ ತೂಕಕ್ಕಿಂತ ಅದೇ ಹೆಚ್ಚು ಚಿಂತೆ. ಊಟದ ಹೊತ್ತಿಗೆ ಭಯವಾದರೆ, ತಿಂದದ್ದನ್ನು ವಾಂತಿ ಮಾಡಿಕೊಳ್ಳಬೇಕು ಅನ್ನಿಸಿದರೆ, ಯಾರೂ ಇಲ್ಲದಾಗ ಹೊಟ್ಟೆ ಬಿರಿಯೆ ತಿಂದು ಆಮೇಲೆ ಅತ್ತರೆ, ಅವತ್ತೇ ಆ್ಯಪ್ ತೆಗೆದುಹಾಕಿ. ಲೆಕ್ಕ ಪೂರ್ತಿ ನಿಲ್ಲಿಸಿ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಮನೆಯವರಿಗೆ ಒಂದು ಕೆಲಸ ಒಪ್ಪಿಸಿ: ಬೆಳಗ್ಗೆ ಗಿಂಡಿಗೆ ಎಣ್ಣೆ ಅಳೆಯುವುದು ಅವರ ಪಾಲಿಗಿರಲಿ. ತಿಂಗಳು ಕಳೆದ ಮೇಲೆ ಕ್ಯಾನಿನಲ್ಲಿ ಎಷ್ಟು ಮಿಕ್ಕಿತು, ಟಿಎಸ್‌ಎಚ್ ಎಷ್ಟು ಬಂತು, ಎರಡನ್ನೂ ಬರೆದು ಕಳಿಸಿ.