ಕೊರಿಂಥದ ಕಲ್ಲುಗಳೂ ನಮ್ಮ ಊಟದ ಪಂಕ್ತಿಯೂ



ಪವಿತ್ರ ನಾಡಿನ ಯಾತ್ರೆ ಮುಗಿಸಿ ಬಂದವರಲ್ಲಿ ಕೆಲವರು ಮುಂದೆ ವಿಚಾರಿಸುವುದು ಗ್ರೀಸ್ ದೇಶದ ಬಗ್ಗೆ. 'ಸಂತ ಪೌಲರ ಹೆಜ್ಜೆಗಳಲ್ಲಿ' ಎಂಬಂಥ ಹೆಸರಿನ ಪ್ರವಾಸಗಳಿವೆ. ಉತ್ತರದ ಕವಾಲ ಬಂದರು, ಫಿಲಿಪ್ಪಿ, ಥೆಸಲೋನಿಕ, ಬೆರೋಯ, ಅಥೆನ್ಸ್, ಕೊನೆಗೆ ಕೊರಿಂಥ ಎಂಬುದು ಅವುಗಳ ಸಾಮಾನ್ಯ ದಾರಿ. ಜೊತೆಗೆ ಒಬ್ಬ ಮಾರ್ಗದರ್ಶಿ ಇರುತ್ತಾರೆ. ಯಾವ ಕಂಬ ಯಾವ ಶತಮಾನದ್ದು, ಯಾರು ಕಟ್ಟಿಸಿದರು, ಯಾರು ಕೆಡವಿದರು ಎಂದು ವಿವರಿಸುತ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಆ ಕಂಬಗಳ ನಡುವೆ ಬದುಕಿದ ಕ್ರೈಸ್ತರು ಏನು ತಿಂದರು, ಯಾರ ಮನೆಗೆ ಹೋದರು, ಯಾವ ಕಾರಣಕ್ಕೆ ಜಗಳವಾಡಿದರು ಎಂಬುದನ್ನು ತಿಳಿಸುವುದು ಸಂತ ಪೌಲರ ಪತ್ರಗಳು. ಪತ್ರ ಓದದೆ ಹೋದವರಿಗೆ ಕೊರಿಂಥ ಬಿಸಿಲಲ್ಲಿ ಬಿದ್ದಿರುವ ಕಲ್ಲುಗಳ ರಾಶಿ, ಅಷ್ಟೇ.

ನಮ್ಮಲ್ಲಿ ಬಹಳ ಮಂದಿಗೆ ಆ ಪ್ರವಾಸದ ಖರ್ಚು ಎಟುಕುವಂಥದ್ದಲ್ಲ. ಚಿಂತೆಯಿಲ್ಲ. ಬೈಬಲನ್ನು ತೆರೆದಿಟ್ಟುಕೊಂಡು ಮನೆಯಿಂದಲೇ ಆ ದಾರಿಯಲ್ಲಿ ಹೋಗಿಬರೋಣ. ಹೊರಡುವ ಮುನ್ನ ಒಂದು ಪ್ರಶ್ನೆಯನ್ನು ಬುತ್ತಿಯಂತೆ ಕಟ್ಟಿಕೊಳ್ಳೋಣ. ಧರ್ಮಕೇಂದ್ರದ ಗುರುಗಳನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಫಾದರ್, ಪಕ್ಕದ ಮನೆಯವರು ಪೂಜೆ ಮಾಡಿ ಪ್ರಸಾದ ಕೊಟ್ಟು ಕಳುಹಿಸಿದರು. ತಿನ್ನಬಹುದೇ?" ಕೇಳುವವರ ಮುಖದಲ್ಲಿ ನಿಜವಾದ ಸಂಕಟವಿರುತ್ತದೆ. ಒಂದು ಕಡೆ ಮೊದಲನೆಯ ಕಟ್ಟಳೆ, ಇನ್ನೊಂದು ಕಡೆ ರಾತ್ರಿ ಹೊತ್ತು ಕಷ್ಟವೆಂದರೆ ಓಡಿ ಬರುವ ನೆರೆಯವರು.

ಸುಮಾರು ಕ್ರಿ.ಶ. 50ರಲ್ಲಿ ಪೌಲರು ಹಡಗಿನಿಂದ ಇಳಿದ ನೆಯಾಪೊಲಿಯೇ ಇಂದಿನ ಕವಾಲ. ಅಲ್ಲಿಂದ ಒಳನಾಡಿಗೆ ಸ್ವಲ್ಪ ದೂರದಲ್ಲಿ ಫಿಲಿಪ್ಪಿ. ರೋಮನ್ನರ ಎಗ್ನಾತಿಯ ಹೆದ್ದಾರಿಯ ಹಾಸುಗಲ್ಲುಗಳನ್ನು ಅಲ್ಲಿ ಈಗಲೂ ಕಾಣಬಹುದು. 'ಪೌಲರ ಸೆರೆಮನೆ' ಎಂದು ತೋರಿಸುವ ಕಲ್ಲಿನ ಗೂಡು ಮೂಲತಃ ನೀರಿನ ತೊಟ್ಟಿಯಾಗಿತ್ತೆಂದು ಸಂಶೋಧಕರು ಹೇಳುತ್ತಾರೆ. ಅಲ್ಲಿ ನಿಂತು ಪ್ರಾರ್ಥಿಸುವವರನ್ನು ನಾನಂತೂ ತಡೆಯುವುದಿಲ್ಲ. ಊರ ಹೊರಗಿನ ಹೊಳೆಯ ದಡದಲ್ಲಿ ಧೂಮ್ರವರ್ಣದ ವಸ್ತ್ರಗಳ ವ್ಯಾಪಾರಿ ಲಿಡಿಯ ಎಂಬಾಕೆಗೂ ಆಕೆಯ ಮನೆಯವರಿಗೂ ದೀಕ್ಷಾಸ್ನಾನವಾಯಿತು. ಪ್ರೇಷಿತರ ಕಾರ್ಯಕಲಾಪಗಳು 16ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ವಿಶ್ವಾಸಿಯಾದ ಕೂಡಲೇ ಲಿಡಿಯ ಮಾಡಿದ ಮೊದಲ ಕೆಲಸ, ಪ್ರೇಷಿತರನ್ನು ಮನೆಗೆ ಕರೆದದ್ದು. ಅದೇ ಊರಿನ ಸೆರೆಮನೆಯ ಅಧಿಕಾರಿ ದೀಕ್ಷಾಸ್ನಾನ ಪಡೆದ ರಾತ್ರಿಯೇ ಪೌಲ, ಸೀಲರಿಗೆ ಊಟ ಬಡಿಸಿದ. ಯುರೋಪಿನ ಈ ಮೊದಲ ಕ್ರೈಸ್ತರ ಕಥೆಯಲ್ಲಿ ನೀರಿನ ಹಿಂದೆಯೇ ಊಟ ಬರುತ್ತದೆ.

ಥೆಸಲೋನಿಕವನ್ನು ಬೇಗ ದಾಟೋಣ. ಹಳೆಯ ನಗರದ ಮೇಲೆಯೇ ಇಂದಿನ ದೊಡ್ಡ ನಗರ ಬೆಳೆದು ನಿಂತಿದೆ. ಬೆರೋಯದಲ್ಲೂ ನಿಲ್ಲುವುದು ಬೇಡ.

ಅಥೆನ್ಸಿನಲ್ಲಿ ಎಲ್ಲರ ಕಣ್ಣು ಬೆಟ್ಟದ ಮೇಲಿನ ಪಾರ್ಥೆನಾನ್ ಕಡೆಗೆ. ಕ್ರಿ.ಪೂ. 447ರಲ್ಲಿ ಕಟ್ಟಲಾರಂಭಿಸಿದ ಅಥೇನಾ ದೇವತೆಯ ಆ ಗುಡಿ ಪೌಲರು ಬರುವ ವೇಳೆಗೆ ಸುಮಾರು ಐನೂರು ವರ್ಷ ಹಳೆಯದಾಗಿತ್ತು. ಮುಂದೆ ಅದು ಮಾತೆ ಮರಿಯಳ ದೇವಾಲಯವಾಯಿತು, ತುರ್ಕರ ಕಾಲದಲ್ಲಿ ಮಸೀದಿಯಾಯಿತು. 1687ರಲ್ಲಿ ವೆನಿಸ್ ಸೈನ್ಯದ ಗುಂಡು ಒಳಗಿದ್ದ ಮದ್ದಿನ ದಾಸ್ತಾನಿಗೆ ತಗುಲಿ ಸಿಡಿದು ಹಾಳಾಯಿತು. ಅದರ ಕೆಳಗಿರುವ ಬೋಳು ಬಂಡೆಯೇ ಅರಿಯೊಪಾಗ. ಪೌಲರು ಅಲ್ಲಿ ಮಾಡಿದ ಪ್ರಸಂಗವನ್ನು ಗ್ರೀಕ್ ಭಾಷೆಯಲ್ಲಿ ಕಂಚಿನ ಫಲಕದ ಮೇಲೆ ಬರೆಸಿ ಬಂಡೆಯ ಬುಡದಲ್ಲಿ ಹಾಕಿದ್ದಾರೆ.

ಆ ಪ್ರಸಂಗಕ್ಕೆ ಮುಂಚೆ ನಡೆದದ್ದನ್ನು ಗಮನಿಸಿ (ಪ್ರೇ.ಕಾ. 17:16-23). ನಗರದ ತುಂಬ ವಿಗ್ರಹಗಳನ್ನು ಕಂಡು ಪೌಲರ ಮನಸ್ಸು ಕುದಿಯಿತು. ಯೆಹೂದ್ಯರಾಗಿ ಬೆಳೆದವರಿಗೆ ಅದು ಸಹಜ. ಆದರೂ ಅವರು ಕಣ್ಣು ಮುಚ್ಚಿಕೊಂಡು ಹೋಗಲಿಲ್ಲ. ಬೀದಿ ಬೀದಿ ಸುತ್ತಿ ಆ ಜನರ ಪೂಜಾಸ್ಥಳಗಳನ್ನು ಗಮನವಿಟ್ಟು ನೋಡಿದರು, 'ಅಜ್ಞಾತ ದೇವನಿಗೆ' ಎಂದು ಬರೆದಿದ್ದ ಒಂದು ಬಲಿಪೀಠವನ್ನು ಕಂಡುಕೊಂಡರು, ಮಾತನ್ನು ಅಲ್ಲಿಂದಲೇ ಆರಂಭಿಸಿದರು. ಆ ಜನರ ಕವಿಗಳ ಮಾತನ್ನೂ ಎತ್ತಿಕೊಂಡರು. ಮನಸ್ಸು ಕುದಿಯುತ್ತಿರುವಾಗಲೂ ಮೊದಲು ನೋಡುವುದು, ಆಮೇಲೆ ಬಾಯಿ ತೆರೆಯುವುದು ಅವರ ಕ್ರಮ. ಹಂಪಿ, ಬೇಲೂರಿಗೆ ಮಕ್ಕಳನ್ನು ಕರೆದೊಯ್ಯುವ ನಮಗೂ ಇದು ಹೊಂದುತ್ತದೆ. "ಅದು ನಮ್ಮದಲ್ಲ, ನೋಡಬೇಡ" ಎಂದು ಮಗುವಿನ ಕೈ ಎಳೆಯುವ ತಾಯಂದಿರು ಅಥೆನ್ಸಿನ ಪೌಲರನ್ನು ಒಮ್ಮೆ ನೆನೆದುಕೊಂಡರೆ ಒಳ್ಳೆಯದು. ಅಥೆನ್ಸಿನಲ್ಲಿ ಅವರಿಗೆ ದೊರೆತವರು ದಿಯೊನೀಸಿಯ, ದಾಮರಿ ಮತ್ತು ಇನ್ನು ಕೆಲವರು ಮಾತ್ರ.

ಅಥೆನ್ಸಿನಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಕೊರಿಂಥ. ದಾರಿಯಲ್ಲಿ 1893ರಲ್ಲಿ ತೆರೆದ ಕಾಲುವೆಯ ಸೇತುವೆಯ ಬಳಿ ಬಸ್ಸು ನಿಲ್ಲಿಸುತ್ತಾರೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡು ಸಮುದ್ರಗಳ ನಡುವಿನ ಕಿರಿದಾದ ನೆಲ ಅದು. ಎರಡೂ ಕಡೆ ಬಂದರುಗಳಿದ್ದ ಕಾರಣ ಕೊರಿಂಥಕ್ಕೆ ಹಣವೂ ಬಂತು, ಎಲ್ಲ ದೇಶಗಳ ಜನರೂ ಬಂದರು. ಕ್ರಿ.ಪೂ. 146ರಲ್ಲಿ ರೋಮನ್ನರು ಹಳೆಯ ಊರನ್ನು ನೆಲಸಮ ಮಾಡಿದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಆದೇಶದಂತೆ ಅದು ರೋಮನ್ ವಸಾಹತಾಗಿ ಮತ್ತೆ ಎದ್ದಿತು. ನೆಲೆಸಲು ಬಂದವರಲ್ಲಿ ಬಹಳ ಮಂದಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಹೊಸ ಊರು, ಹೊಸ ಹಣ. ಯಾರು ಮೇಲು, ಯಾರು ಕೀಳು ಎಂಬ ಪೈಪೋಟಿ ಬೇರೆ.

ಅಪೊಲೊ ದೇವರ ಗುಡಿಯ ಏಳು ಕಂಬಗಳು ಇಂದಿಗೂ ನಿಂತಿವೆ. ಪೌಲರು ಬಂದಾಗಲೇ ಅವು ಸುಮಾರು ಆರುನೂರು ವರ್ಷ ಹಳೆಯವು. ಪೇಟೆಯ ನಡುವೆ ನ್ಯಾಯಪೀಠದ ಕಲ್ಲಿನ ಜಗಲಿ ಇದೆ. ರೋಮನ್ ರಾಜ್ಯಪಾಲ ಗಲ್ಲಿಯೋನನ ಮುಂದೆ ಪೌಲರನ್ನು ಎಳೆದುತಂದ ಪ್ರಸಂಗ (ಪ್ರೇ.ಕಾ. 18:12-17) ನಡೆದದ್ದು ಇಲ್ಲಿ ಎನ್ನುತ್ತಾರೆ. ಗಲ್ಲಿಯೋನನ ಹೆಸರಿರುವ ಶಾಸನದ ತುಂಡುಗಳು ದೆಲ್ಫಿಯಲ್ಲಿ ಸಿಕ್ಕಿವೆ. ಅದರಿಂದಾಗಿ ಪೌಲರು ಕೊರಿಂಥದಲ್ಲಿದ್ದದ್ದು ಕ್ರಿ.ಶ. 51ರ ಸುಮಾರಿಗೆ ಎಂದು ಹೇಳಲು ಸಾಧ್ಯವಾಯಿತು. ಪೌಲರ ಜೀವನದ ಬೇರೆ ತಾರೀಖುಗಳನ್ನೆಲ್ಲ ವಿದ್ವಾಂಸರು ಹೆಚ್ಚಾಗಿ ಈ ಒಂದು ಗೂಟಕ್ಕೆ ಕಟ್ಟಿ ಲೆಕ್ಕ ಹಾಕುತ್ತಾರೆ.

ಇನ್ನು ನಮ್ಮ ಬುತ್ತಿ ಬಿಚ್ಚೋಣ. ಮಾಂಸದ ಮಾರುಕಟ್ಟೆಯನ್ನು ಹೆಸರಿಸುವ ಲ್ಯಾಟಿನ್ ಶಾಸನದ ಚೂರುಗಳು ಕೊರಿಂಥದಲ್ಲಿ ದೊರೆತಿವೆ. ಊರಿನ ಉತ್ತರಕ್ಕೆ, ಸಾಮಾನ್ಯ ಪ್ರವಾಸಿಗಳು ಹೋಗದ ಕಡೆ, ರೋಗ ವಾಸಿಮಾಡುವ ಅಸ್ಕ್ಲೇಪಿಯ ದೇವರ ಗುಡಿಯ ಅವಶೇಷವಿದೆ. ವಾಸಿಯಾದವರು ಹರಕೆ ಒಪ್ಪಿಸಿದ ಮಣ್ಣಿನ ಕೈ, ಕಾಲು, ಕಿವಿ, ಕಣ್ಣುಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ವೇಳಾಂಗಣಿಯಲ್ಲಿ ಲೋಹದ ಕೈಕಾಲುಗಳನ್ನು ಒಪ್ಪಿಸಿ ಬಂದ ನಮ್ಮವರಿಗೆ ಅವು ಅಪರಿಚಿತವೆನಿಸಲಾರವು. ಆ ಗುಡಿಗೆ ಸೇರಿದಂತೆ ಮೂರು ಊಟದ ಕೋಣೆಗಳು. ಒಂದೊಂದರಲ್ಲೂ ಗೋಡೆಗೆ ಒತ್ತಿ ಹನ್ನೊಂದು ಒರಗುಪೀಠಗಳು. ಇವು ಪೌಲರಿಗಿಂತ ಶತಮಾನಗಳಷ್ಟು ಹಿಂದಿನ ಕಟ್ಟಡಗಳು. ಆದರೆ ಗುಡಿಯ ಊಟಕ್ಕೆ ಕೂರುವ ರೂಢಿ ಪೌಲರ ಕಾಲದಲ್ಲೂ ಇತ್ತೆಂಬುದಕ್ಕೆ ಅವರ ಪತ್ರವೇ ಸಾಕ್ಷಿ (1 ಕೊರಿಂಥ 8:10).

ಗುಡಿಯಲ್ಲಿ ಬಲಿಯಾದ ಪ್ರಾಣಿಯ ಮಾಂಸದಲ್ಲಿ ಸ್ವಲ್ಪ ಭಾಗ ದೇವರಿಗೆ, ಸ್ವಲ್ಪ ಪೂಜಾರಿಗೆ, ಸ್ವಲ್ಪ ಊಟದ ಕೋಣೆಗೆ. ಉಳಿದದ್ದು ಮಾರುಕಟ್ಟೆಗೂ ಬರುತ್ತಿತ್ತು. ಬಡವನ ಬಾಯಿಗೆ ಮಾಂಸ ಬೀಳುತ್ತಿದ್ದುದು ಹೆಚ್ಚಾಗಿ ಊರ ಹಬ್ಬಗಳಲ್ಲೇ. ಅನುಕೂಲಸ್ಥನಿಗೆ ಇನ್ನೊಂದು ಪೇಚು. 1929ರಲ್ಲಿ ರಂಗಮಂದಿರದ ಬಳಿ ಒಂದು ಶಾಸನ ಸಿಕ್ಕಿತು. ಎರಾಸ್ತ ಎಂಬ ಅಧಿಕಾರಿ ತನ್ನ ಖರ್ಚಿನಲ್ಲಿ ನೆಲಕ್ಕೆ ಕಲ್ಲು ಹಾಸಿಸಿದನೆಂದು ಅದು ಹೇಳುತ್ತದೆ. ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲರು ಹೆಸರಿಸುವ ನಗರದ ಖಜಾಂಚಿ ಎರಾಸ್ತ ಇವನೇ ಹೌದೋ ಅಲ್ಲವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಯಾರೇ ಆಗಲಿ, ನಗರದ ಖಜಾಂಚಿಯಾದ ಕ್ರೈಸ್ತನು ಊರ ಹಬ್ಬದ ಊಟಕ್ಕೆ ಬರುವುದಿಲ್ಲವೆಂದು ಹೇಗೆ ಹೇಳಿಯಾನು? ಹೇಳದಿದ್ದರೆ ಅವನನ್ನು ನೋಡಿದ ಹೊಸ ವಿಶ್ವಾಸಿ ಏನೆಂದುಕೊಂಡಾನು?

ಪೌಲರ ಉತ್ತರ ಒಂದೇ ಸಾಲಿನದಲ್ಲ. ಮಾರುಕಟ್ಟೆಯಲ್ಲಿ ಕೊಂಡದ್ದನ್ನು ವಿಚಾರಣೆ ಮಾಡದೆ ತಿನ್ನಿ. ವಿಶ್ವಾಸಿಯಲ್ಲದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಇದು ನೈವೇದ್ಯವಾದದ್ದು ಎಂದು ಯಾರಾದರೂ ಎಚ್ಚರಿಸಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಟ್ಟುಬಿಡಿ. ಆದರೆ ಪ್ರಭುವಿನ ಪಂಕ್ತಿಯಲ್ಲಿ ಕೂತವರು ಇನ್ನೊಂದು ಪೂಜೆಯ ಪಂಕ್ತಿಯಲ್ಲಿ ಕೂರಲಾಗದು. 8 ಮತ್ತು 10ನೇ ಅಧ್ಯಾಯಗಳ ಸಾರ ಇದು. ಜೆರುಸಲೇಮಿನ ಸಭೆಯ ತೀರ್ಮಾನ (ಪ್ರೇ.ಕಾ. 15:29) ಇದಕ್ಕಿಂತ ಬಿಗಿಯಾಗಿತ್ತು ಎಂಬುದೂ ನಿಜ.

ಇಲ್ಲಿ ನಮಗೆ ಒಂದು ಗಂಟು ಎದುರಾಗುತ್ತದೆ. ನಮ್ಮ ನೆರೆಯವರು ಪ್ರಸಾದವೆಂದು ಹೇಳಿಯೇ ಕೊಡುತ್ತಾರಲ್ಲ? ಹಾಗಾದರೆ ಎಂದೂ ತಿನ್ನಬಾರದೇ? ನನ್ನ ತಿಳುವಳಿಕೆ ಹೀಗಿದೆ. ಪೌಲರು ತೂಗಿ ನೋಡುವುದು ತಟ್ಟೆಯಲ್ಲಿರುವ ವಸ್ತುವನ್ನಲ್ಲ, ತಿಂದದ್ದನ್ನು ನೋಡಿದವರು ಅದರಿಂದ ಏನು ತಿಳಿದುಕೊಳ್ಳುತ್ತಾರೆ ಎಂಬುದನ್ನು. ಪಕ್ಕದ ಮನೆಯ ಅಮ್ಮ ಕಡುಬನ್ನೋ ಸಜ್ಜಿಗೆಯನ್ನೋ ಕೊಡುವಾಗ, ನೀವು ಅದನ್ನು ತಿಂದರೆ ನಿಮ್ಮ ವಿಶ್ವಾಸ ಬಿಟ್ಟಿರೆಂದು ಆಕೆ ಎಣಿಸುವುದಿಲ್ಲ. ಆಕೆ ಕೊಡುತ್ತಿರುವುದು ಪ್ರೀತಿ. ಎರಡೂ ಕೈ ಚಾಚಿ ತೆಗೆದುಕೊಳ್ಳಿ. ಕ್ರಿಸ್ಮಸ್‌ಗೆ ನಾವು ಕಳುಹಿಸುವ ತಟ್ಟೆಯನ್ನು ಅವರು ಒಂದು ಪ್ರಶ್ನೆಯನ್ನೂ ಕೇಳದೆ ತೆಗೆದುಕೊಳ್ಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ, ಮುಖ್ಯವಾಗಿ ಅಂತರ್ಧರ್ಮೀಯ ವಿವಾಹವಾದ ಮನೆಗಳಲ್ಲಿ, ಪ್ರಸಾದ ತಿಂದದ್ದನ್ನು "ಇವಳು ನಮ್ಮ ದೇವರಿಗೆ ನಡೆದುಕೊಂಡಳು" ಎಂದೇ ಲೆಕ್ಕ ಹಿಡಿಯುವುದುಂಟು. ಅಲ್ಲಿ ಬೇಡವೆನ್ನಬೇಕು, ಮುಖ ಗಂಟಿಕ್ಕದೆ, ಮೆಲುದನಿಯಲ್ಲಿ. ಈಚೆಗೆ ದೀಕ್ಷಾಸ್ನಾನ ಪಡೆದವರು ಜೊತೆಗಿದ್ದು ಅವರ ಮನಸ್ಸು ಕಲಕುವಂತಿದ್ದರೂ ಹಾಗೆಯೇ. ಪೂಜೆಯಲ್ಲಿ ಪಾಲುಗೊಳ್ಳುವುದಂತೂ ಬೇರೆಯೇ ಮಾತು. ಅದನ್ನು ಮಾಡಲಾಗದೆಂದು ನೆರೆಯವರಿಗೆ ನೇರವಾಗಿ ಹೇಳಿದರೆ ಅವರು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತಾರೆ. ತೆಗೆದುಕೊಂಡು ಬಂದು ಹಿತ್ತಲಿಗೆ ಎಸೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೇರೆ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ.

ಆದರೆ ಕೊರಿಂಥದ ಊಟದ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ನೆರೆಮನೆಯ ತಟ್ಟೆಗಿಂತ ಪೌಲರನ್ನು ಹೆಚ್ಚು ನೋಯಿಸಿದ್ದು ಕ್ರೈಸ್ತರದೇ ಊಟ. ಊರಿನ ಅನಪ್ಲೋಗ ಎಂಬ ಕಡೆ ರೋಮನ್ ಕಾಲದ ಸಿರಿವಂತರ ಮನೆಯೊಂದನ್ನು ಅಗೆದು ತೆಗೆದಿದ್ದಾರೆ. ಅದರ ಊಟದ ಕೋಣೆ ಸುಮಾರು ಏಳೂವರೆ ಮೀಟರ್ ಉದ್ದ, ಐದೂವರೆ ಮೀಟರ್ ಅಗಲ. ದೊಮಿನಿಕನ್ ಸಭೆಯ ಬೈಬಲ್ ಪಂಡಿತ ಜೆರೋಮ್ ಮರ್ಫಿ ಓಕಾನರ್ ಈ ಮನೆಯ ಅಳತೆಯನ್ನು ಮುಂದಿಟ್ಟುಕೊಂಡು 11ನೇ ಅಧ್ಯಾಯವನ್ನು ವಿವರಿಸಿದರು. ಅಂದಿನ ರೀತಿಯಲ್ಲಿ ಒರಗಿ ಊಟ ಮಾಡಿದರೆ ಒಳಗೆ ಹಿಡಿಸುವುದು ಒಂಬತ್ತು ಮಂದಿ. ಬಿಡುವಿದ್ದ ಸಿರಿವಂತ ಗೆಳೆಯರು ಮೊದಲೇ ಬಂದು ಒಳಗೆ ಊಟಕ್ಕೆ ಸೇರುತ್ತಾರೆ. ಕೂಲಿಯಾಳು, ಗುಲಾಮರು ಕೆಲಸ ಮುಗಿಸಿ ಬರುವ ವೇಳೆಗೆ ಹೊರಗಿನ ಅಂಗಳವೇ ಗತಿ. ಒಳಗಿದ್ದವರಿಗೆ ಅಮಲು, ಹೊರಗಿದ್ದವರಿಗೆ ಹಸಿವು. ಇಷ್ಟಾದ ಮೇಲೆ ಎಲ್ಲರೂ ಸೇರಿ ಪ್ರಭುಭೋಜನ!

ಇದಕ್ಕೆ ನಮ್ಮ ಭಾಷೆಯಲ್ಲಿ ಸರಿಯಾದ ಹೆಸರಿದೆ: ಪಂಕ್ತಿಭೇದ. ಪರಮಪ್ರಸಾದದ ಸ್ಥಾಪನೆಯ ಬಗ್ಗೆ ನಮಗೆ ದೊರೆತಿರುವ ಅತಿ ಹಳೆಯ ಬರಹ ಈ ಅಧ್ಯಾಯದಲ್ಲಿದೆ. ಶುಭಸಂದೇಶಗಳನ್ನು ಬರೆಯುವ ಮೊದಲೇ, ಸುಮಾರು ಕ್ರಿ.ಶ. 54ರಲ್ಲಿ ಎಫೆಸದಿಂದ ಪೌಲರು ಇದನ್ನು ಬರೆದರು. ಬರೆಯಲು ಕಾರಣವಾದದ್ದು ಪಂಕ್ತಿಭೇದದ ಜಗಳ. ನಮ್ಮ ಧರ್ಮಕೇಂದ್ರದ ಹಬ್ಬದ ಊಟವನ್ನು ಸ್ವಲ್ಪ ನೋಡಿ. ದಾನಿಗಳಿಗೆ, ಗಣ್ಯರಿಗೆ ಒಳಗಿನ ಸಭಾಂಗಣ, ಬೇರೆ ಪಾತ್ರೆ. ಚಪ್ಪರ ಹಾಕಿದವರು, ಪಾತ್ರೆ ತೊಳೆದವರು, ದೂರದ ಕಾಲೋನಿಯಿಂದ ನಡೆದು ಬಂದವರು ಉಳಿದದ್ದಕ್ಕಾಗಿ ಹೊರಗೆ ಸಾಲು ನಿಲ್ಲುತ್ತಾರೆ. ಯಾರ ಪಕ್ಕದಲ್ಲಿ ಯಾರು ಕೂರುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳದಿದ್ದರೂ ಊರಿಗೆಲ್ಲ ಗೊತ್ತು. ನೆರೆಮನೆಯ ಪ್ರಸಾದದ ಬಗ್ಗೆ ಕೇಳಲು ಬರುವವರು ಎಷ್ಟೋ ಮಂದಿ. ಈ ಊಟದ ಬಗ್ಗೆ ಸಂಕಟಪಟ್ಟು ಕೇಳಿದವರು ಬಹಳ ಕಡಿಮೆ.

ಈ ವಾರ ಮೂರು ಸಂಜೆ ಜಪಮಾಲೆಯ ನಂತರ ಮನೆಯವರೆಲ್ಲ ಕೂತು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರವನ್ನು ತೆರೆಯಿರಿ. ಮೊದಲ ದಿನ 8ನೇ ಅಧ್ಯಾಯ, ಮರುದಿನ 10ನೇ ಅಧ್ಯಾಯದ 14ನೇ ವಾಕ್ಯದಿಂದ ಕೊನೆಯವರೆಗೆ, ಮೂರನೆಯ ದಿನ 11:17-34. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಓದಲಿ. ಮಕ್ಕಳಿಗೆ ಆ ಊಟದ ಕೋಣೆಯನ್ನೂ ಅಂಗಳವನ್ನೂ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿ. ಸಮಯ ಉಳಿದರೆ 13ನೇ ಅಧ್ಯಾಯವನ್ನೂ ಓದಿ. ಮದುವೆಯ ಬಲಿಪೂಜೆಗಳಲ್ಲಿ ಕೇಳಿ ಕೇಳಿ ಪರಿಚಿತವಾಗಿರುವ ಆ ಪ್ರೀತಿಯ ಅಧ್ಯಾಯವನ್ನು ಪೌಲರು ಬರೆದದ್ದು ಮದುಮಕ್ಕಳಿಗಲ್ಲ; ಒಂದೇ ಮನೆಯಲ್ಲಿ ಸೇರಿ ಎರಡು ಪಂಕ್ತಿ ಮಾಡಿಕೊಂಡಿದ್ದ ಈ ಜನರಿಗೇ.