ಚಿನ್ನಿ ಗುರ್ ಅಂದಾಗ

ನಾಯಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾಯಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ನೋಡಿದಿರಾ ಅಂತ. ಚಂದ್ರಾ ಲೇಔಟ್‌ನಲ್ಲಿ ಬೆಳಗ್ಗೆ ನಾಯಿ ಹಿಡಿದು ಹೊರಡುವವರೆಲ್ಲ ನನ್ನ ಈ ಪ್ರಶ್ನೆಗೆ ಒಗ್ಗಿಹೋಗಿದ್ದಾರೆ.

ನನಗೆ ಇದನ್ನು ಕಲಿಸಿದವಳು ಚಿನ್ನಿ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ ಕಡೆಯಿಂದ ಮರಿಯಾಗಿದ್ದಾಗ ತಂದ ನಾಟಿ ನಾಯಿ. ಗ್ಯಾಸ್ ಸಿಲಿಂಡರ್ ತರುವವನ ಮುಂದೆಯೂ ಹೊಟ್ಟೆ ಮೇಲೆ ಮಾಡಿ ಮಲಗುವ ಪೈಕಿ. ಅಂಥವಳು ಒಂದು ಸಂಜೆ ಸೊಂಟ ಸವರಲು ಹೋದ ನನ್ನ ಮಗನಿಗೆ ಗುರ್ ಅಂದಳು. ಮರುದಿನ ಮಹಡಿ ಹತ್ತದೆ ಮೆಟ್ಟಿಲ ಬುಡದಲ್ಲೇ ಕೂತಳು. ಮೊಸರನ್ನ ಮೂಸಿ ಮುಖ ತಿರುಗಿಸಿದಳು.

ಬೀದಿಯವರ ತೀರ್ಪು ಬರಲು ತಡವಾಗಲಿಲ್ಲ. ಎದುರುಮನೆ ಅಜ್ಜಿ ದೃಷ್ಟಿ ತಾಕಿದೆ, ಮೆಣಸಿನಕಾಯಿ ನಿವಾಳಿಸಿ ಅಂದರು. ಅದರಿಂದ ಯಾರಿಗೂ ತೊಂದರೆಯಿಲ್ಲ. "ತಲೆ ಮೇಲೆ ಕೂರಿಸಿಕೊಂಡಿದ್ದೀರಿ, ನಾಲ್ಕು ಬಿಗೀರಿ" ಅಂದ ಪಾರ್ಕಿನ ಮಹಾಶಯರ ಮಾತೇ ಅಪಾಯದ್ದು. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಮೂಲೆ ಅಂಗಡಿಯವರು ಹುಚ್ಚು ಅಂದರು. ಆ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ರೇಬೀಸ್ ಲಕ್ಷಣ ಶುರುವಾದ ನಾಯಿ ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ; ಕಚ್ಚಿದ ನಾಯಿಯ ಮೇಲೆ ಅಷ್ಟು ದಿನ ಕಣ್ಣಿಡಿ ಅನ್ನುವುದು ಅದಕ್ಕೇ. ಕಚ್ಚಿಸಿಕೊಂಡವರು ಮಾತ್ರ ಅಲ್ಲಿವರೆಗೆ ಕಾಯಬಾರದು. ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಚಿನ್ನಿ ಯಾರನ್ನೂ ಕಚ್ಚಿರಲಿಲ್ಲ, ಪ್ರತಿವರ್ಷದ ಲಸಿಕೆಯೂ ಆಗಿತ್ತು.

ಡಾಕ್ಟರ ಹತ್ತಿರ ಹೋದರೆ ಈ ಕಳ್ಳಿ ಬಾಲ ಅಲ್ಲಾಡಿಸುತ್ತ ನೆಟ್ಟಗೆ ನಡೆದಳು! ಹೊಸ ಜಾಗದ ಗಾಬರಿಯಲ್ಲಿ ನಾಯಿಗಳು ನೋವು ನುಂಗಿಕೊಳ್ಳುತ್ತವಂತೆ. ಕೆಲಸಕ್ಕೆ ಬಂದದ್ದು ಮಗ ಮೊಬೈಲಲ್ಲಿ ಹಿಡಿದಿದ್ದ ವಿಡಿಯೋ: ಎದ್ದೇಳುವಾಗ ಹಿಂಗಾಲು ತಡವರಿಸುವುದು, ಬೆನ್ನು ಬಿಲ್ಲಾಗುವುದು. ಅದನ್ನು ನೋಡಿದ ಡಾಕ್ಟರು ಅವಳ ತುಟಿ ಎತ್ತಿದರು. ಒಸಡು ಬಿಳಿಚಿಕೊಂಡಿತ್ತು. ರಕ್ತಪರೀಕ್ಷೆಯಲ್ಲಿ 2 ಲಕ್ಷದಾಚೆ ಇರಬೇಕಾದ ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದಿತ್ತು. ಎರ್ಲಿಕಿಯಾ, ಅಂದರೆ ಉಣ್ಣಿ ಜ್ವರ.

ಈ ರೋಗಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೈಯಲ್ಲಿ ಸದ್ದಿಲ್ಲದೆ ಕೂತಿರಬಲ್ಲದು. ಆಮೇಲೆ ಕೀಲುನೋವು, ಜ್ವರ, ಮೂಗಲ್ಲಿ ರಕ್ತ. ನಮಗೆ 'ಇದ್ದಕ್ಕಿದ್ದಂತೆ' ಅನಿಸುವುದು ನಮ್ಮ ಕಣ್ಣಿಗೆ ಬಿದ್ದ ದಿನ, ಅಷ್ಟೇ. ಡಾಕ್ಸಿಸೈಕ್ಲಿನ್ 28 ದಿನ ಕೊಡಬೇಕೆಂದರು. ಮೊದಲ ವಾರದಲ್ಲೇ ನಾಯಿ ಕುಣಿಯತೊಡಗುತ್ತದೆ, ಮಾತ್ರೆ ಯಾಕೆ ಅನಿಸುತ್ತದೆ. ನಿಲ್ಲಿಸಬಾರದು.

ಹಾಗಂತ ಗುರುಗುಟ್ಟುವ ನಾಯಿಗೆಲ್ಲ ಉಣ್ಣಿಯೇ ಕಾರಣವಲ್ಲ. ಪಕ್ಕದ ರಸ್ತೆಯ ಲ್ಯಾಬ್ರಡಾರ್‌ಗೆ ಕಿವಿ ಸೋಂಕು, ಇನ್ನೊಂದು ಮನೆಯ ಮುದಿ ಪೊಮೇರಿಯನ್‌ಗೆ ಕಣ್ಣಿನ ಪೊರೆ. ಕತ್ತಲಲ್ಲಿ ಯಾರು ಬಂದರೂ ಬೆಚ್ಚುತ್ತಿತ್ತು. ದೀಪಾವಳಿ ಪಟಾಕಿಗೆ ಮಂಚದಡಿ ಸೇರಿ ವಾರವಾದರೂ ಸರಿಹೋಗದ ನಾಯಿಗಳೂ ಇವೆ. ಆದರೂ ಮೊದಲು ಮೈ ನೋಡಿಸಿ, ಟ್ರೈನರ್ ಆಮೇಲೆ.

ಇನ್ನು ಚಿನ್ನಿಗೆ ಜ್ವರ ತಂದ ಉಣ್ಣಿಯ ವಿಷಯ. ನಾಯಿಯ ಕಂದು ಉಣ್ಣಿ ಮನೆಯೊಳಗೇ ಸಂಸಾರ ಹೂಡುತ್ತದೆ. ರಕ್ತ ಹೀರಿ ಉಬ್ಬಿದ ಹೆಣ್ಣು ಕೆಳಗೆ ಬಿದ್ದು ಗೋಡೆ ಬಿರುಕಲ್ಲಿ, ಹೊಸಿಲ ಸಂದಿಯಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಬೆಂಗಳೂರಿನ ಹವೆಯಲ್ಲಿ ಅದಕ್ಕೆ ವರ್ಷವಿಡೀ ಸುಗ್ಗಿ. ನಾಯಿಗೆ ಔಷಧ ಹಾಕಿ ಗೋಡೆ ಬಿಟ್ಟರೆ ಕೆಲಸ ಅರ್ಧ. ನಾವು ಬಿರುಕುಗಳಿಗೆ ಸಿಮೆಂಟ್ ತುಂಬಿಸಿದೆವು, ಅವಳ ಹಾಸಿಗೆ ಬಿಸಾಕಿದೆವು, ನಾಯಿ ಸಾಕಿರುವ ಮೇಲಿನ ಮನೆಯವರೂ ಅದೇ ದಿನ ಔಷಧ ಸಿಂಪಡಿಸುವಂತೆ ಒಪ್ಪಿಸಿದೆವು. ಮನೆಯಲ್ಲಿ ಬೆಕ್ಕಿದ್ದರೆ ಡಬ್ಬಿಯ ಮೇಲೆ ಪರ್ಮೆತ್ರಿನ್ ಅಂತ ಇದೆಯಾ ಓದಿಕೊಳ್ಳಿ. ನಾಯಿ ತಡೆದುಕೊಳ್ಳುವ ಆ ಔಷಧ ಬೆಕ್ಕಿಗೆ ವಿಷ.